ಕೊಳದ ತುಂಬ ಗಪ್ಪಿಯೇ? ಒಂದು ಬೇಟೆ ಮೀನು ಬಿಡುವ ಬಗೆ

ಸೊಳ್ಳೆ ಕಾಟಕ್ಕೆಂದು ಹತ್ತು ಗಪ್ಪಿ ತಂದು ಹಿತ್ತಲ ಕೊಳಕ್ಕೆ ಬಿಡುತ್ತೀರಿ. ಆರು ತಿಂಗಳು ಕಳೆಯುವಷ್ಟರಲ್ಲಿ ನೀರಿನ ತುಂಬ ಗಪ್ಪಿಯೇ. ಒಂದು ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಇಪ್ಪತ್ತು-ಮೂವತ್ತು ಮರಿ ಹಾಕುತ್ತದೆ. ಗಂಡು ಮೀನನ್ನೆಲ್ಲ ಹಿಡಿದು ಬೇರೆ ಮಾಡಿದರೂ ಸುಮ್ನೆ ಶ್ರಮ. ಹೆಣ್ಣು ಒಮ್ಮೆ ಕೂಡಿದರೆ ಸಾಕು, ಮುಂದೆ ಹಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ. ಮೋಲಿ ಮೀನಿನದ್ದೂ ಇದೇ ಕತೆ. ಯಾರೋ ಪುಕ್ಕಟೆ ಕೊಟ್ಟರೆಂದು ಜಿಲೇಬಿ ಮೀನು (ತಿಲಾಪಿಯಾ) ಬಿಟ್ಟಿದ್ದರಂತೂ ಇನ್ನೂ ಕಷ್ಟ. ಅದು ಎರಡು-ಮೂರು ತಿಂಗಳಿಗೇ ಮೊಟ್ಟೆ ಇಡಲು ಶುರು ಮಾಡುತ್ತದೆ.

ಆಗ ಬರುವ ಯೋಚನೆ: ಇವನ್ನು ತಿನ್ನುವ ಒಂದು ಮೀನು ಬಿಟ್ಟರೆ ಹೇಗೆ? ಬಿಡಬಹುದು. ಆದರೆ ಒಂದೇ ಒಂದು. ಅದೂ ನಮ್ಮ ನೆಲದ, ಸಣ್ಣ ಜಾತಿಯದ್ದು.

ಅದಕ್ಕೂ ಮೊದಲು ಎರಡು ವಾರ ಮೀನಿಗೆ ಹಾಕುವ ಕಾಳನ್ನು ಅರ್ಧಕ್ಕೆ ಇಳಿಸಿ ನೋಡಿ. ಎಷ್ಟೋ ಕೊಳಗಳಲ್ಲಿ ಮರಿ ಜಾಸ್ತಿಯಾಗಲು ನಾವು ಹಾಕುವ ಆಹಾರವೇ ಕಾರಣ. ಹೊಟ್ಟೆ ತುಂಬಿದ ಗಪ್ಪಿ ತನ್ನ ಮರಿಯನ್ನು ಅಷ್ಟಾಗಿ ತಿನ್ನುವುದಿಲ್ಲ. ಹಸಿದರೆ ತಾನೇ ತಿನ್ನುತ್ತದೆ. ನೀರಿನ ಮೇಲೆ ದಟ್ಟವಾಗಿ ಹಬ್ಬಿದ ಅಂತರಗಂಗೆಯನ್ನೂ ಸ್ವಲ್ಪ ತೆಗೆಯಿರಿ. ಮರಿಗಳು ಅಡಗಿ ಉಳಿಯುವುದು ಅದರ ಬೇರಿನಲ್ಲೇ. ಇಷ್ಟರಿಂದಲೇ ಸಮಸ್ಯೆ ತಗ್ಗಿದರೆ ಮುಂದಿನದ್ದು ಬೇಡವೇ ಬೇಡ. ಮಿಂಚುಳ್ಳಿಯೋ ಬೆಳ್ಳಕ್ಕಿಯೋ ದಿನಾ ಬೆಳಿಗ್ಗೆ ಬಂದು ಕೂರುತ್ತಿದ್ದರೆ ನಿಮಗೆ ಪುಕ್ಕಟೆ ಬೇಟೆಗಾರ ಆಗಲೇ ಸಿಕ್ಕಿದ್ದಾನೆ.

ಕೊಳದ ಲೆಕ್ಕ

ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಆಳದ ತೊಟ್ಟಿ ಎಂದರೆ 2,800 ಲೀಟರ್. ಸಣ್ಣ ಜಾತಿಯ ಒಂದು ಬೇಟೆ ಮೀನಿಗೆ ಇದು ಧಾರಾಳ. ಸಾವಿರ ಲೀಟರಿಗಿಂತ ಕಡಿಮೆ ಇದ್ದರೆ ಬಲೆಯಿಂದ ಗಪ್ಪಿ ಹಿಡಿದು ಪರಿಚಯದವರಿಗೆ ಹಂಚುವುದೇ ಸರಿ.

ಕೊಳದಲ್ಲಿ ಇನ್ನೇನೇನಿದೆ ಎಂದೂ ನೋಡಿಕೊಳ್ಳಿ. ಬೇಟೆ ಮೀನಿಗೆ ಇದು ಗಪ್ಪಿ, ಇದು ದುಬಾರಿ ಗೋಲ್ಡ್‌ಫಿಶ್ ಎಂಬ ಭೇದ ಇಲ್ಲ. ಬಾಯಿಗೆ ಹಿಡಿಸುವುದೆಲ್ಲ ಅದರ ಪಾಲಿಗೆ ಊಟ. ಕೈಯಗಲದ ಕೋಯಿ (ಬಣ್ಣದ ಕಾರ್ಪ್ ಮೀನು) ಇದ್ದರೆ ಚಿಂತೆ ಕಡಿಮೆ. ಎರಡು ಇಂಚಿನ ಗೋಲ್ಡ್‌ಫಿಶ್ ಇದ್ದರೆ ಬೇರೆ ತೊಟ್ಟಿಗೆ ಹಾಕಿ. ಉದ್ದ ರೆಕ್ಕೆಯ, ಉಬ್ಬು ಹೊಟ್ಟೆಯ ಫ್ಯಾನ್ಸಿ ಗೋಲ್ಡ್‌ಫಿಶ್ ದೊಡ್ಡದಿದ್ದರೂ ಜೊತೆಗೆ ಬಿಡಬೇಡಿ. ಓಡಲಾರದ ಮೀನು ಅದು. ರೆಕ್ಕೆ ಹರಿಸಿಕೊಳ್ಳುತ್ತದೆ.

ಯಾವ ಮೀನು?

ತಪ್ಪು ಆಗುವುದು ಇಲ್ಲೇ. ಅಂಗಡಿಗೆ ಹೋಗಿ 'ಬೇಟೆ ಮೀನು ಬೇಕು' ಎಂದರೆ ಮೊದಲು ತೋರಿಸುವುದು ಆಸ್ಕರ್, ಅರೋವಾನಾ, ಇಲ್ಲವೇ ಫ್ಲವರ್‌ಹಾರ್ನ್. ಮೂರೂ ಬೆಚ್ಚಗಿನ ನೀರಿನವು. ನಮ್ಮ ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿನ ಚಳಿ ನಿಮಗೆ ಗೊತ್ತೇ ಇದೆ. ಬಯಲಿನ ತೊಟ್ಟಿಯ ನೀರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಆಸ್ಕರ್ ಊಟ ಬಿಟ್ಟು ಮೂಲೆ ಹಿಡಿಯುತ್ತದೆ. ಆಮೇಲೆ ಮೈಮೇಲೆ ಬಿಳಿ ಚುಕ್ಕೆ, ಬೂಷ್ಟು ಶುರು. ಅರೋವಾನಾವನ್ನು ವಾಸ್ತು, ಅದೃಷ್ಟ ಎಂದೆಲ್ಲ ಹೇಳಿ ಮಾರುತ್ತಾರೆ. ಎರಡು-ಮೂರು ಅಡಿ ಬೆಳೆಯುವ, ನೀರಿನಿಂದ ಹಾರುವ ಮೀನು ಅದು. ರಾತ್ರಿ ಹಾರಿ ಕಲ್ಲಿನ ಮೇಲೆ ಬಿದ್ದರೆ ಅದರ ಅದೃಷ್ಟ ಅಲ್ಲಿಗೇ ಮುಗಿಯಿತು.

ಎರಡನ್ನಂತೂ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಒಂದು, ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಇನ್ನೊಂದು, ಮೊಸಳೆ ಮೂತಿಯ ಅಲಿಗೇಟರ್ ಗಾರ್. ಅಮೆರಿಕದ ಈ ಮೀನು ಆರು ಅಡಿ ಮೀರಿ ಬೆಳೆಯುತ್ತದೆ. ಅಂಗಡಿಯಲ್ಲಿ ಗೇಣುದ್ದದ ಮರಿ ನೋಡಿ ಮರುಳಾಗುವವರು ಜಾಸ್ತಿ. 2023ರಲ್ಲಿ ಇದು ಶ್ರೀನಗರದ ದಾಲ್ ಸರೋವರದಲ್ಲೂ ಸಿಕ್ಕಿತು. ನಡೆದು ಬಂದಿರಲಿಕ್ಕಿಲ್ಲ, ಅಲ್ವಾ?

ನನ್ನ ಆಯ್ಕೆ ಕೊರವ ಮೀನಿನ ಜಾತಿ. ಮರಲ್ ಎಂದರೂ ಇದೇ. ಹಾವಿನಂಥ ತಲೆ, ಉದ್ದನೆಯ ಮೈ. ನಮ್ಮ ಕೆರೆ, ಗದ್ದೆ, ಹಳ್ಳಗಳದ್ದೇ ಮೀನು. ನೀರಿನಿಂದ ತಲೆ ಎತ್ತಿ ನೇರ ಗಾಳಿ ಎಳೆದುಕೊಳ್ಳುತ್ತದೆ. ಕರೆಂಟ್ ಹೋಗಿ ಪಂಪ್ ನಿಂತರೂ ಅಂಜಿಕೆ ಇಲ್ಲ. ಆದರೆ ಊಟಕ್ಕೆ ಸಾಕುವ ದೊಡ್ಡ ಕೊರವ ಬೇಡ. ಚೆನ್ನಾಗಿ ತಿಂದರೆ ವರ್ಷದೊಳಗೆ ಅರ್ಧ ಕೆಜಿ ದಾಟುತ್ತದೆ. ಗಪ್ಪಿ ಮುಗಿಸಿ ಕೋಯಿಗೆ ಬಾಯಿ ಹಾಕುತ್ತದೆ. ನಿಮಗೆ ಬೇಕಾದದ್ದು ಅದೇ ಕುಟುಂಬದ ಗಿಡ್ಡ ಜಾತಿ. ಅಕ್ವೇರಿಯಂ ಅಂಗಡಿಯವರು ಚನ್ನಾ ಗಚುವಾ ಅಥವಾ ಡ್ವಾರ್ಫ್ ಸ್ನೇಕ್‌ಹೆಡ್ ಎನ್ನುತ್ತಾರೆ. ಸಾಮಾನ್ಯವಾಗಿ ಗೇಣುದ್ದಕ್ಕಿಂತ ಜಾಸ್ತಿ ಬೆಳೆಯುವುದಿಲ್ಲ. ಗುಡ್ಡಗಾಡಿನ ಹಳ್ಳಗಳಲ್ಲೂ ಬದುಕುವ ಮೀನಾದ್ದರಿಂದ ನಮ್ಮ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ತೊಂದರೆ ಕೊಡುವುದು ಏಪ್ರಿಲ್ ಬಿಸಿಲು. ಕೊಳದ ಅರ್ಧ ಭಾಗಕ್ಕಾದರೂ ನೆರಳು ಮಾಡಿ. ಮೂಲೆಯಲ್ಲಿ ಎರಡು ಒಡೆದ ಮಡಕೆ ಇಟ್ಟರೆ ಅದರ ಮನೆ ಆಯಿತು.

ಜೋಡಿ ಇರಲಿ ಎಂಬ ಕನಿಕರ ಬೇಡ. ಎರಡು ಗಂಡು ಬಂದರೆ ಜಗಳ. ಗಂಡು-ಹೆಣ್ಣು ಬಂದರೆ ಮಳೆಗಾಲಕ್ಕೆ ಮರಿ. ಗಪ್ಪಿ ಜಾಗಕ್ಕೆ ಕೊರವ ತುಂಬಿಕೊಳ್ಳುತ್ತದೆ.

ಬಲೆ ಮೊದಲು, ಮೀನು ಆಮೇಲೆ

ಕೊರವ ಹಾರುತ್ತದೆ. ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿಕೊಂಡೂ ಹೋಗುತ್ತದೆ. ಮೊದಲ ಮಳೆಯ ಮರುದಿನ ಮೀನು ಕಾಣದಿದ್ದರೆ ಬೆಕ್ಕನ್ನು ಬೈಯಬೇಡಿ. ಅರ್ಧ ಇಂಚು ಕಣ್ಣಿನ ನೈಲಾನ್ ಬಲೆಯನ್ನು ಚೌಕಟ್ಟಿಗೆ ಬಿಗಿದು ಇಡೀ ಕೊಳಕ್ಕೆ ಮುಚ್ಚಿ. ನೀರಿಗೂ ಬಲೆಗೂ ನಡುವೆ ಎಂಟು-ಹತ್ತು ಇಂಚು ಅಂತರ ಇರಲಿ. ಗಾಳಿ ಎಳೆಯಲು ಅದಕ್ಕೆ ಜಾಗ ಬೇಕು. ಹೆಚ್ಚಾದ ನೀರು ಹೊರಗೆ ಹೋಗುವ ಪೈಪಿನ ಬಾಯಿಯನ್ನು ಬಹಳ ಜನ ಮರೆಯುತ್ತಾರೆ. ಅದಕ್ಕೂ ಜಾಳಿಗೆ ಕಟ್ಟಿ. ಆ ನೀರು ಚರಂಡಿ ಸೇರಿ, ಅಲ್ಲಿಂದ ಹಳ್ಳ-ಕೆರೆ ಸೇರುತ್ತದೆ.

ತರುವುದು, ಬಿಡುವುದು

ಮಳೆ ಕಡಿಮೆಯಾದ ಸೆಪ್ಟೆಂಬರ್-ಅಕ್ಟೋಬರ್, ಇಲ್ಲವೇ ಚಳಿ ಮುಗಿದ ಫೆಬ್ರವರಿ ಕೊನೆ ಒಳ್ಳೆಯ ಸಮಯ. ಮೂರು-ನಾಲ್ಕು ಇಂಚಿನ ಮರಿ ಆರಿಸಿ. ಕಣ್ಣು ಸ್ವಚ್ಛವಾಗಿರಲಿ, ಮೈಮೇಲೆ ಗಾಯ ಇರದಿರಲಿ. ಅಂಗಡಿಯಲ್ಲೇ ಏನಾದರೂ ತಿನ್ನಿಸಿ ತೋರಿಸಲು ಹೇಳಿ. ತಿನ್ನದ ಮರಿ ಬೇಡ.

ಮನೆಗೆ ತಂದ ಮೀನನ್ನು ನೇರ ಕೊಳಕ್ಕೆ ಬಿಡಬಾರದು. ನೂರು ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು-ಮೂರು ವಾರ ಬೇರೆ ಇಡಿ. ಅದಕ್ಕೂ ಮುಚ್ಚಳ ಬೇಕು, ಮೇಲೊಂದು ಕಲ್ಲೂ ಬೇಕು. ನೂರು ಲೀಟರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿದರೆ ಸಣ್ಣಪುಟ್ಟ ಪರೋಪಜೀವಿಗಳು ತಗ್ಗುತ್ತವೆ. ಇದು ಟಬ್ಬಿಗೆ ಮಾತ್ರ. ಕೊಳಕ್ಕೆ ಉಪ್ಪು ಹಾಕಿದರೆ ನೈದಿಲೆ ಸೊರಗುತ್ತದೆ.

ಈ ದಿನಗಳಲ್ಲೇ ಊಟದ ರೂಢಿ ಮಾಡಿಸಿ. ಮೊದಲು ಎರೆಹುಳು, ಆಮೇಲೆ ಸಿಪ್ಪೆ ತೆಗೆದ ಸಿಗಡಿಯ ಚೂರು, ನಡುನಡುವೆ ಒಣ ಕಾಳು. ಗಪ್ಪಿ ಮುಗಿದ ಮೇಲೂ ಅದು ಬದುಕಬೇಕಲ್ಲ! ಕೋಳಿ, ಕುರಿ ಮಾಂಸದ ಚೂರು ಹಾಕುವ ಅಭ್ಯಾಸ ಬೇಡ. ಕೊಬ್ಬು ನೀರಿನ ಮೇಲೆ ತೇಲಿ ವಾಸನೆ ಬರುತ್ತದೆ.

ಬಿಡುವ ದಿನ ಸಂಜೆ ಮೀನನ್ನು ಟಬ್ಬಿನ ನೀರಿನೊಡನೆ ಚೀಲಕ್ಕೆ ಹಾಕಿ, ಅರ್ಧ ಚೀಲ ಗಾಳಿ ಇರಲಿ, ಇಪ್ಪತ್ತು ನಿಮಿಷ ಕೊಳದಲ್ಲಿ ತೇಲಿಸಿ. ಆಮೇಲೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ. ಕೊನೆಗೆ ಮೀನನ್ನಷ್ಟೇ ಬಿಡಿ, ಚೀಲದ ಉಪ್ಪು ನೀರು ಹೊರಗೆ ಚೆಲ್ಲಿ. ಮೊದಲ ಒಂದೆರಡು ವಾರ ಅದು ಕಾಣಿಸದೇ ಇರಬಹುದು. ಕೋಲು ಹಾಕಿ ಕೆದಕಬೇಡಿ.

ನೀರು

ಮಾಂಸ ತಿನ್ನುವ ಮೀನಿನ ಹೊಲಸು ಜಾಸ್ತಿ. ಅದರಿಂದ ಅಮೋನಿಯಾ ಏರುತ್ತದೆ. ಕೊರವ ತಡೆದುಕೊಂಡೀತು, ಕೋಯಿ ತಡೆಯುವುದಿಲ್ಲ. ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್‌ನಿಂದ ವಾರಕ್ಕೊಮ್ಮೆ ನೋಡಿ. ಅಮೋನಿಯಾ, ಅದರಿಂದಲೇ ಆಗುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಏರಿದ್ದರೆ ಕಾಲು ಭಾಗ ನೀರು ಬದಲಿಸಿ.

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಬದಲಿಸುವ ನೀರು ಎಲ್ಲಿಂದ ತರಬೇಕು ಎಂಬುದೇ ದೊಡ್ಡ ಪ್ರಶ್ನೆ. ನೀರು ಬಿಡುವ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಿ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು ಹಾಕಿ. ಬೋರಿನ ಗಡಸು ನೀರು ಈ ಮೀನಿಗೂ ಗಪ್ಪಿಗೂ ನಡೆಯುತ್ತದೆ. ತೆಗೆದ ಕೊಳದ ನೀರನ್ನು ತೆಂಗು, ಬಾಳೆಗೆ ಹಾಕಿ, ಒಳ್ಳೆ ಗೊಬ್ಬರ.

ಬೇಡವಾದರೆ

ಮನೆ ಬದಲಿಸುತ್ತೀರಿ, ಅಥವಾ ಗಿಡ್ಡ ಜಾತಿ ಎಂದು ಕೊಟ್ಟದ್ದು ದೊಡ್ಡ ಕೊರವವೇ ಆಗಿತ್ತು. ಆಗಲೂ ಉಣಕಲ್ ಕೆರೆ, ಸಾಧನಕೇರಿಗೆ ಒಯ್ದು ಬಿಡಬೇಡಿ. ನಮ್ಮ ನೆಲದ ಮೀನೇ ಆದರೂ ತೊಟ್ಟಿಯ ರೋಗ ಅದರ ಜೊತೆ ಹೋಗುತ್ತದೆ. ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ದೊಡ್ಡ ಕೊರವ ಮುಳ್ಳು ಕಡಿಮೆಯ, ರುಚಿಯ ಮೀನು ಎಂಬುದನ್ನು ತಿನ್ನುವವರಿಗೆ ಹೇಳಬೇಕಿಲ್ಲ.

ಕೊನೆಗೊಂದು ಮಾತು ಸೊಳ್ಳೆ ಬಗ್ಗೆ. ಬೇಟೆ ಮೀನು ಚುರುಕಾಗಿದ್ದರೆ ಒಂದು ದಿನ ಗಪ್ಪಿ ಪೂರ್ತಿ ಖಾಲಿಯಾಗಬಹುದು. ಗೇಣುದ್ದದ ಕೊರವ ಸೊಳ್ಳೆ ಮರಿ ಹುಡುಕಿಕೊಂಡು ತಿರುಗುವುದಿಲ್ಲ. ಹಾಗಾಗಿ ಅದನ್ನು ಬಿಡುವ ಮುಂಚೆಯೇ ನಾಲ್ಕು ಹೆಣ್ಣು, ಎರಡು ಗಂಡು ಗಪ್ಪಿ ಹಿಡಿದು ಒಂದು ಬಕೆಟ್ಟಿನಲ್ಲಿ ಬೇರೆ ಇಟ್ಟುಕೊಳ್ಳಿ. ಕೊಳದಲ್ಲಿ ಸೊಳ್ಳೆ ಮರಿ ಕುಣಿಯುವುದು ಕಂಡಾಗ ಆ ಬಕೆಟ್ಟಿನ ಮರಿಗಳನ್ನು ಹಿಡಿದು ಬಿಟ್ಟರಾಯಿತು.