ದೂರು ಬರುವ ಮೊದಲೇ ಮಾಡಬೇಕಾದ ಕೆಲಸ

ಮದ್ದೂರಿನ ಗಾರ್ಮೆಂಟ್ಸ್ ಇರಲಿ, ಮೈಸೂರಿನ ಹೂಟಗಳ್ಳಿಯ ಕಾರ್ಖಾನೆ ಇರಲಿ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೇಳುತ್ತದೆ. ಗುತ್ತಿಗೆಯವರೂ ದಿನಗೂಲಿಯವರೂ ತರಬೇತಿಯಲ್ಲಿರುವವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ.

ಸಮಿತಿಯ ಅಧ್ಯಕ್ಷೆ ಸಂಸ್ಥೆಯ ಹಿರಿಯ ಮಹಿಳೆಯಾಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ನಿಜವಾದ ಪರೀಕ್ಷೆ ಇರುವುದು ಹೊರಗಿನ ಸದಸ್ಯರ ಆಯ್ಕೆಯಲ್ಲಿ. ಮಾಲೀಕರ ಲೆಕ್ಕಪರಿಶೋಧಕರನ್ನೋ ಪರಿಚಯದ ವಕೀಲರನ್ನೋ ತಂದು ಕೂರಿಸಿದರೆ ಹೊಲಿಗೆ ಯಂತ್ರದ ಮುಂದಿನ ಹೆಣ್ಣುಮಗಳು ಬಾಯಿ ಬಿಡುವುದಿಲ್ಲ. ಮಹಿಳೆಯರ ಪರವಾಗಿ ದುಡಿದ ಸಂಸ್ಥೆಯವರನ್ನು ಆರಿಸಿ, ಅವರನ್ನು ಆಗಾಗ ಕಾರ್ಖಾನೆಗೆ ಕರೆಸಿ, ಕೆಲಸಗಾರರಿಗೆ ಮುಖಪರಿಚಯ ಮಾಡಿಸಿ.

ಸೂಚನಾ ಫಲಕ ಕನ್ನಡದಲ್ಲಿರಲಿ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು ಎಂಬಿಷ್ಟನ್ನು ದಪ್ಪಕ್ಷರದಲ್ಲಿ ಬರೆಯಿಸಿ. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ಸುಳ್ಳು ದೂರಿಗೆ ಶಿಕ್ಷೆ ಎಂಬ ಸಾಲನ್ನಷ್ಟೇ ಎದ್ದು ಕಾಣುವಂತೆ ಹಾಕುವುದು ತಪ್ಪು. ದೂರನ್ನು ಸಾಬೀತುಪಡಿಸಲಾಗದಿದ್ದ ಮಾತ್ರಕ್ಕೆ ದೂರುದಾರಳ ಮೇಲೆ ಕ್ರಮವಿಲ್ಲ ಎಂದೂ ಅದೇ ಕಾಯ್ದೆ ಹೇಳಿದೆ.

ದೂರು ಬಂದ ಕೂಡಲೇ ಮಹಿಳೆಯನ್ನೇ ಬೇರೆ ಲೈನಿಗೆ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಅವಳು ತಾನಾಗಿ ಬರೆದು ಕೇಳಿದರೆ ಮಾತ್ರ ವರ್ಗಾವಣೆಯನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಸಮಿತಿ ಶಿಫಾರಸು ಮಾಡಬಹುದು. ಆರೋಪಿಯನ್ನು ಸ್ಥಳಾಂತರಿಸುವ ದಾರಿಯೂ ಇದೆ. ಹೆಸರು, ವಿವರ ಹೊರಗೆ ಹೋಗಕೂಡದು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತುಗಳ ಮೇಲೆ ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಬಹುದು. ಆದ್ದರಿಂದ ಮಾಲೀಕರು ಒದಗಿಸುವ ವ್ಯಾನು, ಬಸ್ಸುಗಳೂ ಕೆಲಸದ ಸ್ಥಳವೇ ಎಂಬುದನ್ನು ಚಾಲಕರಿಗೂ ಮೇಲ್ವಿಚಾರಕರಿಗೂ ಮೊದಲೇ ತಿಳಿಸಿ.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಮನೆಗೆಲಸದವರ ಪ್ರಸಂಗ, ಮಾಲೀಕರ ಮೇಲಿನ ದೂರು, ಇವೆಲ್ಲವೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತವೆ. ಆ ಸಮಿತಿಯ ವಿಳಾಸವನ್ನೂ ಹಾಜರಿ ಹಾಕುವ ಜಾಗದಲ್ಲೇ ತೂಗುಹಾಕಿ.