ಜೊಂಡು ಕಿತ್ತ ವರ್ಷ

ನಮ್ಮದು ವಿಜಯಪುರ ಜಿಲ್ಲೆಯ ಬಬಲೇಶ್ವರ ಕಡೆಯ ಊರು. ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುವ ಮೊದಲು ನಮ್ಮ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನೀರು ಬಂದ ದಿನ ಊರಿಗೆ ಊರೇ ಬಾಗಿನ ಕೊಟ್ಟು ಹೋಳಿಗೆ ಉಂಡಿತು. ತುಂಬಿದ ಕೆರೆಯನ್ನು ಕಾಯಬೇಕು ಅನ್ನುವುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ, ನನಗೂ.

ಎರಡು ವರ್ಷ ಬಿಟ್ಟು ನಾವು ಹತ್ತು-ಹನ್ನೆರಡು ಜನ ಕೆರೆ ಸ್ವಚ್ಛ ಮಾಡಲು ಹೊರಟೆವು. ಮನೆಮನೆಗೆ ಪಟ್ಟಿ ಎತ್ತಿ ಜೆಸಿಬಿ ತರಿಸಿದೆವು. ಹಳ್ಳ ಬಂದು ಕೂಡುವ ಬಾಯಲ್ಲಿ ಆಳೆತ್ತರ ಬೆಳೆದಿದ್ದ ಜೊಂಡನ್ನೆಲ್ಲ ಬೇರುಸಮೇತ ಕೀಳಿಸಿದೆವು. ಕೆರೆ ಕನ್ನಡಿಯಂತೆ ಕಂಡಿತು.

ಮುಂದಿನ ಬೇಸಿಗೆಗೆ ಅದೇ ನೀರು ಹಸಿರು ಬಣ್ಣ ಕಲಸಿದಂತಾಯಿತು. ಒಂದು ಮುಂಜಾನೆ ದಂಡೆಯುದ್ದಕ್ಕೂ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಊರಲ್ಲಿ ಜಗಳ ಎದ್ದಿತು. ವಿಷ ಯಾರೂ ಹಾಕಿರಲಿಲ್ಲ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಅದು ಅತಿಯಾದರೆ ಬೆಳಗಿನ ಜಾವದ ಹೊತ್ತಿಗೆ ಮೀನಿಗೆ ಉಸಿರು ಉಳಿಯುವುದಿಲ್ಲ. ಪಾಚಿಗೆ ಮೇವು ಸಿಗುವುದು ಹೊಲದ ಗೊಬ್ಬರದಿಂದ, ಊರ ಗಟಾರದಿಂದ, ಅರಿವೆ ಒಗೆಯುವ ಪುಡಿಯಿಂದ. ಹರಿವಿನ ವೇಗ ತಗ್ಗಿಸಿ ಮಣ್ಣನ್ನು ಕೂರಿಸಿ, ಅದರ ಸಾರ ಉಂಡು ಬೆಳೆಯುತ್ತಿದ್ದದ್ದು ಜೊಂಡು. ನಾವು ಕಿತ್ತೆಸೆದದ್ದು ಅದನ್ನೇ.

ಆ ಸಂಕಟದಲ್ಲಿ ನನಗೆ ವಿಜಯಪುರದ ಗಂಜ್‌ಗಳು ನೆನಪಾದವು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ನೀರು ಹೋಗುತ್ತಿತ್ತು. ದಾರಿಯಲ್ಲಿ ನಿಲ್ಲಿಸಿದ್ದ ಕಲ್ಲಿನ ಗೋಪುರಗಳೇ ಗಂಜ್. ನೀರಿನ ಒತ್ತಡ ಇಳಿಯುತ್ತಿದ್ದದ್ದೂ ರಾಡಿ ತಳಕ್ಕೆ ಕೂರುತ್ತಿದ್ದದ್ದೂ ಅಲ್ಲಿಯೇ. ನಾವೂ ಹಳ್ಳದ ಬಾಯಲ್ಲಿ ಒಂದು ಹೊಂಡ ತೋಡಿದೆವು. ಮೊದಲ ಮಳೆಯ ಎರಿಮಣ್ಣು ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ಹೂಳನ್ನು ರೈತರೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಒಯ್ಯುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರೂ ಅಲ್ಲಿಂದಲೇ ಒಂದಿಷ್ಟು ಒಯ್ಯುತ್ತಾರೆ.

ಹೊಂಡದಿಂದಾಚೆ ಜೊಂಡು ತಾನಾಗಿಯೇ ಮತ್ತೆ ಬಂತು. ಈಗ ಅದನ್ನು ಕೀಳುವುದಿಲ್ಲ. ಬೇಸಿಗೆ ಶುರುವಾಗುವಾಗ ಒಂದು ವರ್ಷ ಒಂದು ಪಟ್ಟೆ, ಮರುವರ್ಷ ಇನ್ನೊಂದು ಪಟ್ಟೆ, ನೀರಿನ ಮೇಲಿನ ಭಾಗ ಮಾತ್ರ ಕೊಯ್ಯುತ್ತೇವೆ. ಕೊಯ್ದದ್ದನ್ನು ಅದೇ ದಿನ ಏರಿಯಾಚೆ ತಿಪ್ಪೆಗೆ ಸಾಗಿಸಲೇಬೇಕು. ನೀರಲ್ಲೇ ಕೊಳೆತರೆ ಅದು ಉಂಡದ್ದೆಲ್ಲ ಕೆರೆಗೇ ವಾಪಸ್. ಮಳೆಗಾಲದಲ್ಲಿ ಕುಡುಗೋಲು ಮುಟ್ಟುವುದಿಲ್ಲ, ಅದು ಗುಳುಮುಳುಕ ಅನ್ನುವ ನೀರುಹಕ್ಕಿ ಗೂಡು ಕಟ್ಟುವ ಹೊತ್ತು. ಜೊಂಡಿಗೆ ಸಿಕ್ಕಿಸಿದ ತೇಲುಗೂಡು ಅದರದು. ನಾನು ಹತ್ತಿರ ಹೋದಾಗ ತಾಯಿಹಕ್ಕಿ ಗಡಿಬಿಡಿಯಲ್ಲಿ ಕೊಕ್ಕಿನಿಂದ ಹಸಿ ಕಳೆ ಎಳೆದು ಮೊಟ್ಟೆ ಮುಚ್ಚಿ, ಆಮೇಲೆ ಮುಳುಗಿತು. ನೋಡಿದರೆ ಅಲ್ಲಿ ಕೊಳೆತ ಕಳೆಯ ಗುಡ್ಡೆ ಬಿಟ್ಟು ಏನೂ ಇಲ್ಲ. ಜೆಸಿಬಿ ತಂದ ವರ್ಷ ಇಂಥ ಎಷ್ಟು ಗುಡ್ಡೆಗಳನ್ನು ಕಸ ಅಂತ ಎತ್ತಿ ಹಾಕಿದೆವೋ, ಇವತ್ತಿಗೂ ನೆನೆದರೆ ಕರುಳು ಚುರ್ ಅನ್ನುತ್ತದೆ.

ಅರಿವೆ ಒಗೆಯುವುದನ್ನು ಬಿಡಿಸುವುದು ಕಷ್ಟದ ಕೆಲಸವಾಯಿತು. "ಒಗೀಬ್ಯಾಡ್ರಿ ಅಂತಿಯಲ್ಲ ತಮ್ಮಾ, ಹಂಗಾರ ಎಲ್ಲಿಗೆ ಹೋಗೂಣು?" ಅಂದರು ಒಬ್ಬ ಅಕ್ಕ. ಅವರು ಕೇಳಿದ್ದು ಸರಿಯಾಗಿತ್ತು. ಬೋರ್ಡು ಹಾಕುವ ವಿಚಾರ ಬಿಟ್ಟು, ಏರಿ ಕೆಳಗೆ ತೂಬಿನ ನೀರು ಬೀಳುವಲ್ಲಿ ಒಗೆಯುವ ಕಲ್ಲು ಹಾಕಿಸಿದೆವು. ಸೋಪಿನ ನೀರು ಈಗ ಬಾಳೆಗೆ ಹೋಗುತ್ತದೆ. ದ್ರಾಕ್ಷಿ ತೋಟದವರ ಜತೆ ಮಾತು ಬೇಗ ಮುಗಿಯಿತು. ಎಣ್ಣೆ (ಕೀಟನಾಶಕ) ಹೊಡೆಯುವ ಟ್ಯಾಂಕು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯುವಂತಿಲ್ಲ. ಡಬ್ಬಿಯನ್ನು ಮೂರು ಸಲ ಗಲಬರಿಸಿ ಆ ನೀರನ್ನು ಟ್ಯಾಂಕಿಗೇ ಸುರಿದು ಬೆಳೆಗೇ ಹೊಡೆಯಬೇಕು. ಔಷಧಿಯೂ ಉಳಿಯುತ್ತದೆ.

ನೀರು ತಿಳಿಯಾಯಿತೋ ಇಲ್ಲವೋ ಅಂತ ಬಾಯಿಮಾತಿನಲ್ಲಿ ವಾದ ಬೇಡ. 20 ಸೆಂ.ಮೀ. ಅಗಲದ ಸ್ಟೀಲ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಣ್ಣ ಬಳಿದೆವು. ನಡುವೆ ತೂತು ಹಾಕಿ, ಗಂಟು ಹಾಕಿದ ಹಗ್ಗ ಪೋಣಿಸಿ, ಕೆಳಗೆ ಕಲ್ಲು ಕಟ್ಟಿದೆವು. ಹದಿನೈದು ದಿನಕ್ಕೊಮ್ಮೆ, ಒಂದೇ ಜಾಗದಲ್ಲಿ, ಹೊತ್ತೇರಿದ ಮೇಲೆ ಅದನ್ನು ಇಳಿಬಿಡುತ್ತೇವೆ. ತಟ್ಟೆ ಕಣ್ಮರೆಯಾದ ಗಂಟು ಎಷ್ಟನೆಯದು ಅಂತ ಶಾಲೆಯ ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮೀನು ಸತ್ತ ಬೇಸಿಗೆಯಲ್ಲಿ ಒಂದು ಗೇಣಿಗೇ ತಟ್ಟೆ ಮಾಯವಾಗಿತ್ತು. ಈ ಬೇಸಿಗೆ ಮೊಳ ದಾಟಿಯೂ ಬಿಳಿ ಕಾಣುತ್ತಿತ್ತು.

ಗಟಾರ ಮಾತ್ರ ಇನ್ನೂ ನೇರ ಕೆರೆಗೇ ಬೀಳುತ್ತಿದೆ. ಗ್ರಾಮಸಭೆಯಲ್ಲಿ ಎರಡು ಸಲ ಎದ್ದು ನಿಂತು ಮಾತಾಡಿದ್ದೇನೆ, ಠರಾವೂ ಆಗಿದೆ. ಅಲ್ಲಿಯೂ ಒಂದು ಹೊಂಡ, ಅದರಾಚೆ ಜೊಂಡು. ಜಾಗ ಅಳೆದು ಗೂಟ ಹೊಡೆದಿದ್ದೇವೆ, ಮುಂಗಾರಿಗೆ ಮುಂಚೆ ತೋಡಬೇಕು.