ಬೀಗದ ಕೈ ಸದ್ದಾದರೆ ಸಾಕು, ಬೊಗಳುತ್ತಿದ್ದಳು

ನಾನು ಹೊರಟ ಕೂಡಲೇ ನನ್ನ ನಾಯಿ ಕೆಂಪಿ ಬೊಗಳುತ್ತಾಳೆಂದು ಗೊತ್ತಿತ್ತು. ಎಷ್ಟು ಹೊತ್ತು ಎಂಬುದು ತಿಳಿದಿರಲಿಲ್ಲ. ಪಕ್ಕದ ಮನೆಯವರು ಎರಡನೇ ಸಲ ದೂರು ಹೇಳಿದ ಮೇಲೆ ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲಿಟ್ಟು, ವಿಡಿಯೊ ಚಾಲೂ ಮಾಡಿ ಹೊರಗೆ ಹೋದೆ. ಸಂಜೆ ಅದನ್ನು ನೋಡುತ್ತಾ ನನ್ನ ಸಿಟ್ಟೆಲ್ಲ ಇಳಿದುಹೋಯಿತು. 25 ನಿಮಿಷ ಅವಳು ಬಾಗಿಲ ಸಂದಿಗೆ ಮೂಗು ಒತ್ತಿ ನಿಂತೇ ಇದ್ದಳು. ಏದುಸಿರು, ನೆಲದ ಮೇಲೆ ಜೊಲ್ಲಿನ ಹನಿ, ಬೊಗಳಿ ಬೊಗಳಿ ಕೊನೆಗೆ ಊಳು. ಇಟ್ಟು ಹೋಗಿದ್ದ ಅಚ್ಚುಮೆಚ್ಚಿನ ತಿಂಡಿಯನ್ನು ಮೂಸಿಯೂ ನೋಡಿರಲಿಲ್ಲ. ಹಟಕ್ಕೆ ಬೊಗಳುತ್ತಾಳೆಂದು ಅಷ್ಟು ದಿನ ಗದರಿದ್ದೆನಲ್ಲ, ಅವಳು ಹೆದರಿ ನಡುಗುತ್ತಿದ್ದಳು.

ಶಾಕ್ ಕೊಡುವ ಕೊರಳಪಟ್ಟಿ ತನ್ನಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಹೆದರಿದ ಜೀವಕ್ಕೆ ನೋವನ್ನೂ ಸೇರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಪಶುವೈದ್ಯರಿಗೆ ತೋರಿಸಿ, ಕಾಯಿಲೆ ಏನೂ ಇಲ್ಲವೆಂದು ಖಚಿತವಾದ ಮೇಲೆ ಅವಳಿಗೆ ಒಂಟಿಯಾಗಿರುವ ಅಭ್ಯಾಸ ಮಾಡಿಸಲು ಶುರು ಮಾಡಿದೆ.

ವಿಡಿಯೊ ಇನ್ನೊಂದು ಸಂಗತಿಯನ್ನೂ ತೋರಿಸಿತ್ತು. ಬಾಗಿಲು ಮುಚ್ಚುವುದಕ್ಕೆ ಎಷ್ಟೋ ಮೊದಲು, ಮೊಳೆಯ ಮೇಲಿನ ಬೀಗದ ಕೈ ಕಿಣಿ ಎಂದ ಕ್ಷಣದಲ್ಲೇ ಅವಳ ಕಿವಿಗಳು ಹಿಂದಕ್ಕೆ ಮಡಚಿದ್ದವು. ಹಾಗಾಗಿ ಆ ಸದ್ದಿನ ಅರ್ಥವನ್ನೇ ಕೆಡಿಸಲು ಹೊರಟೆ. ದಿನಕ್ಕೆ ಹತ್ತು ಹನ್ನೆರಡು ಸಲ ಬೀಗದ ಕೈ ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ, ಚೀಲ ಹೆಗಲಿಗೇರಿಸಿ ಪತ್ರಿಕೆ ಓದುತ್ತಾ ಕೂರುತ್ತಿದ್ದೆ. ಒಂಬತ್ತನೆಯ ದಿನ ಕಿಣಿ ಎಂದಾಗ ಅವಳು ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಎದ್ದು ಕುಣಿಯಬೇಕೆನಿಸಿತು, ಅಲುಗಾಡದೆ ಕುಳಿತೆ.

ಆಮೇಲೆ ಬಾಗಿಲ ಸರದಿ. ಹೊರಗೆ 2 ಸೆಕೆಂಡು, 5 ಸೆಕೆಂಡು, 20 ಸೆಕೆಂಡು. ಅವಳು ಬೊಗಳುವ ಮೊದಲೇ ಒಳಗೆ ಬರಬೇಕು, ಗುಟ್ಟು ಇರುವುದೇ ಅಲ್ಲಿ. ಮೂರು ನಿಮಿಷ ಸುಮ್ಮನಿದ್ದಳೆಂದು ಆಸೆಬಿದ್ದು ಒಮ್ಮೆಲೇ ಹದಿನೈದಕ್ಕೆ ಹಾರಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಊಳು ಕೇಳಿಸಿತು. ಮರುದಿನ ಮತ್ತೆ 30 ಸೆಕೆಂಡಿನಿಂದ ಆರಂಭ. ಈ ವಾರಗಳಲ್ಲಿ ಅವಳನ್ನು ತಾಳಲಾರದಷ್ಟು ಹೊತ್ತು ಒಂಟಿಯಾಗಿ ಬಿಡಲೇಬಾರದು. ಅದೇ ಅತಿ ಕಷ್ಟದ ಭಾಗ, ತಂಗಿ ಬಂದು ಇರುತ್ತಿದ್ದುದರಿಂದ ಮಾತ್ರ ನಡೆಯಿತು. ಅರ್ಧ ಗಂಟೆ ದಾಟಿದ ಮೇಲೆ ಸಮಯ ಬೇಗ ಬೇಗ ಏರಿತು.

ನಾನು ಮರಳಿ ಬಂದಾಗಲೂ ಬೊಗಳುತ್ತಿದ್ದಳು, ಅದಕ್ಕೆ ಅರ್ಧ ಕಾರಣ ನಾನೇ. ಬಾಗಿಲಲ್ಲೇ ಮುದ್ದುಗರೆದು ಅವಳ ಸಡಗರವನ್ನು ಹೆಚ್ಚಿಸುತ್ತಿದ್ದೆ. ಈಗ ಚೀಲ ಇಟ್ಟು, ನೀರು ಕುಡಿದು, ಅವಳ ನಾಲ್ಕೂ ಪಾದ ನೆಲಕ್ಕೆ ಊರಿ ಸದ್ದು ನಿಂತ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತು ಗದ್ದದ ಕೆಳಗೆ ಸವರುತ್ತೇನೆ. ಮೊದಲ ಕೆಲವು ದಿನ ಮೊದಲಿಗಿಂತ ಜೋರಾಗಿ ಬೊಗಳಿದಳು. ಆಗ ಸೋತು ಮಾತಾಡಿಸಿದರೆ ಜೋರಾಗಿ ಬೊಗಳುವುದನ್ನೇ ಕಲಿಸಿದಂತೆ. ಆದರೆ ಹೊರಡುವಾಗಿನ ಬೊಗಳಾಟಕ್ಕೆ, ಸುಮ್ಮನಾಗುವವರೆಗೆ ಕಾಯುವ ಈ ಉಪಾಯ ಹೂಡಬೇಡಿ. ಸಡಗರ ತಾನಾಗಿ ತಣಿಯುತ್ತದೆ, ಭಯ ಅರಚಿ ಅರಚಿ ತಣಿಯುವುದಿಲ್ಲ.

ನಾಲ್ಕು ತಿಂಗಳಾದವು. ನಾಲ್ಕು ಗಂಟೆ ಒಬ್ಬಳೇ ಇರುತ್ತಾಳೆ, ಹೆಚ್ಚು ಹೊತ್ತು ಮಲಗಿಯೇ. ನಾನು ಬಾಗಿಲು ತೆರೆದಾಗ ಈಗಲೂ ಎರಡು ಸಲ ಬೊಗಳುತ್ತಾಳೆ. ಅಷ್ಟನ್ನು ಬಿಡಿಸಲು ನಾನು ಹೋಗಿಲ್ಲ.